ಕೈಕಟ್ಟಿ ನಿಂತವರ ಪೋಸ್ಟಿಂಗು

ಆಪರೇಷನ್ ಥಿಯೇಟರಿನಲ್ಲಿ ಕೆಲಸ ಇರುವವರಿಗಿಂತ ಕೆಲಸ ಇಲ್ಲದವರಿಗೇ ನಿಯಮಗಳು ಜಾಸ್ತಿ. ಆಪರೇಷನ್ ಮಾಡುವವರು ಹೇಗೆ ಬೇಕಾದರೂ ನಿಲ್ಲಬಹುದು, ಹಾಡು ಗುನುಗಬಹುದು, ಗದರಬಹುದು, ಹೊಲಿಗೆ ಹಾಕುತ್ತಲೇ ಮಗಳ ಸಿಇಟಿ ರ‍್ಯಾಂಕಿನ ವಿಚಾರ ಮಾತಾಡಬಹುದು. ನೋಡಲೆಂದು ಬಂದವರು ಮಾತ್ರ ಟೇಬಲ್ಲಿಗೆ ತೀರಾ ಹತ್ತಿರ ಹೋಗದೆ, ಗೋಡೆಗೆ ಒರಗದೆ, ಟ್ರಾಲಿಗೆ ಬೆನ್ನು ತಾಗಿಸದೆ, ಯಾವುದನ್ನೂ ಮುಟ್ಟದೆ, ಸೀನದೆ, ಸಾಧ್ಯವಾದರೆ ತಲೆ ಸುತ್ತಿ ಬೀಳದೆ ನಿಂತಿರಬೇಕು. ಬೀಳಲೇಬೇಕು ಅಂತಿದ್ದರೆ ಅದಕ್ಕೂ ಒಂದು ಕ್ರಮವಿದೆ. ಮಂಗಳೂರಿನ ಕಡೆಯವರಾದ ನಮ್ಮ ಥಿಯೇಟರ್ ಸಿಸ್ಟರ್ ಮೊದಲ ದಿನವೇ ತಿಳಿಸಿಬಿಟ್ಟರು: "ನೋಡಿ, ಬೀಳುದಾದ್ರೆ ಹಿಂದೆ ಬೀಳಿ. ಹಿಂದೆ ಬಿದ್ರೆ ನಿಮ್ಮ ತಲೆ ಮಾತ್ರ ಹೋಗ್ತದೆ. ಮುಂದೆ ಬಿದ್ರೆ ನನ್ನ ಟ್ರಾಲಿ ಹೋಗ್ತದೆ."

ನಾನು ಹೀಗೆ ನಿಂತಿದ್ದು ಬೆಂಗಳೂರಿನ ಒಂದು ಆಸ್ಪತ್ರೆಯ ಮಕ್ಕಳ ಸರ್ಜರಿ ವಿಭಾಗದಲ್ಲಿ. ಎಂಬಿಬಿಎಸ್ ಓದುವವರನ್ನು ಮೊದಲ ವರ್ಷವೆಲ್ಲ ಹೆಣ, ಮೂಳೆ, ಗಾಜಿನ ನಳಿಕೆಗಳ ಜೊತೆ ಕೂಡಿಹಾಕಬಾರದು, ಆರಂಭದಿಂದಲೇ ರೋಗಿಗಳ ಹತ್ತಿರ ಕರೆದೊಯ್ಯಬೇಕು ಎಂದು 2019ರ ಹೊಸ ಪಠ್ಯಕ್ರಮ ಹೇಳಿತು. ಕರೆದೊಯ್ದ ಮೇಲೆ ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ಆಸ್ಪತ್ರೆಗಳ ವಿವೇಚನೆಗೆ ಬಿಟ್ಟಿತು. ಹಾಗಾಗಿ ಎರಡನೇ ವರ್ಷಕ್ಕೆ ಕಾಲಿಟ್ಟ ನಮ್ಮನ್ನು ಒಂದು ಬೆಳಿಗ್ಗೆ ವಾರ್ಡ್ ಸಿಸ್ಟರ್ ಹಿಂದೆ, ಇನ್ನೊಂದು ಬೆಳಿಗ್ಗೆ ಮತ್ತು ಕೊಡುವ ಮೇಡಂ ಹಿಂದೆ, ಮತ್ತೊಂದು ಬೆಳಿಗ್ಗೆ ಯಾರಾದರೂ ಪಿಜಿಯ, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಯ, ಹಿಂದೆ ಬಾಲ ಮಾಡಿ ಕಳಿಸುತ್ತಿದ್ದರು. ನಮ್ಮ ಸ್ಥಾನಮಾನ ಕರೆಯುವವರ ಮೇಲೆ ಹೋಗುತ್ತಿತ್ತು. ಬಿಳಿ ಕೋಟು ಕಂಡೊಡನೆ ಮಕ್ಕಳ ತಂದೆತಾಯಿಗಳು "ಡಾಕ್ಟ್ರಮ್ಮಾ" ಎಂದು ಎದ್ದು ನಿಲ್ಲುತ್ತಿದ್ದರು. ಪಿಜಿಗಳು "ಏಯ್, ಸೆಕೆಂಡ್ ಇಯರ್" ಎನ್ನುತ್ತಿದ್ದರು. ಸಿಸ್ಟರ್ ಬಾಯಲ್ಲಿ ನಾವೆಲ್ಲ ಒಟ್ಟಾಗಿ "ಸ್ಟೂಡೆಂಟ್". ನೆಲ ಒರೆಸುವ ಆಯಮ್ಮನಿಗೆ ಮಾತ್ರ ನಾವು ಮಕ್ಕಳ ಪೈಕಿಯೇ. "ಪಾಪ, ಸ್ವಲ್ಪ ಕಾಲೆತ್ತು" ಎನ್ನುತ್ತಿದ್ದಳು.

ನಮ್ಮ ಮನೆಯಲ್ಲಿ ಅಜ್ಜಿ ಇರುವವರೆಗೆ ಮಡಿ ಇತ್ತು. ಎತ್ತರದ ಗಳುವಿನ ಮೇಲೆ ಹಿಂದಿನ ದಿನ ಕೋಲಿನಿಂದ ಹರವಿದ್ದ ಸೀರೆಯನ್ನು ಬೆಳಿಗ್ಗೆ ಮಿಂದು ಬಂದು ಕೋಲಿನಿಂದಲೇ ಎಳೆದು ಉಟ್ಟರೆಂದರೆ, ಆಮೇಲೆ ನಾವು ಮಕ್ಕಳು ಅಡುಗೆಮನೆಯ ಹೊಸಿಲಾಚೆ. ಈ ಕಟ್ಟಳೆಗಳೆಲ್ಲ ಅಜ್ಜಿಯ ಜೊತೆಗೇ ಹೋದವು ಎಂದುಕೊಂಡಿದ್ದೆ. ಹೋಗಿರಲಿಲ್ಲ, ಥಿಯೇಟರಿಗೆ ವರ್ಗವಾಗಿದ್ದವು. ಕೈ ತೊಳೆದು ಗೌನು ತೊಟ್ಟ ಸಿಸ್ಟರ್ ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಬರುತ್ತಾರೆ. ಗೌನಿನ ಎದುರುಭಾಗ ಮಡಿ, ಬೆನ್ನು ಮೈಲಿಗೆ. ಸೊಂಟದ ಮೇಲೆ ಮಡಿ, ಕೆಳಗೆ ಮೈಲಿಗೆ. ಹಸಿರು ಬಟ್ಟೆ ಹಾಸಿದ ಟ್ರಾಲಿಯ ಮೇಲ್ಮೈ ಮಡಿ, ಅಂಚಿನಿಂದ ಕೆಳಗೆ ಇಳಿಬಿದ್ದ ಬಟ್ಟೆ ಮೈಲಿಗೆ. ಡಬ್ಬಿಯೊಳಗಿನ ಸಾಮಾನನ್ನು ಮುಟ್ಟದೆ ಎತ್ತಿಕೊಡಲು ಚೀಟಲ್ ಫೋರ್ಸೆಪ್ಸ್ ಎಂಬ ಉದ್ದನೆಯ ಇಕ್ಕುಳವಿದೆ. ಬ್ರಿಟಿಷ್ ಸರ್ಜನ್ ಒಬ್ಬನ ಹೆಸರು ಹೊತ್ತ ಅದನ್ನು ನೋಡಿದಾಗೆಲ್ಲ ಅಜ್ಜಿಯ ಮಡಿಕೋಲಿಗೆ ಯಾರೋ ಸ್ಟೀಲಿನ ಹಲ್ಲು ಕಟ್ಟಿಸಿದ್ದಾರೆ ಅನ್ನಿಸುತ್ತಿತ್ತು.

ಒಂದು ವ್ಯತ್ಯಾಸ ಉಂಟು. ಅಜ್ಜಿಯ ಮಡಿಗೆ ಜಾತಕ ಬೇಕಿತ್ತು, ಸಿಸ್ಟರ್ ಮಡಿಗೆ ಆಟೋಕ್ಲೇವ್ ಸಾಕು. 121 ಡಿಗ್ರಿಯ ಹಬೆಯಲ್ಲಿ ಹದಿನೈದು ನಿಮಿಷ ಕಳೆದು ಬಂದ ಸಾಮಾನಿಗೆ ಕುಲಗೋತ್ರ ಕೇಳುವವರಿಲ್ಲ. ಮೈಲಿಗೆಯೂ ಅಷ್ಟೇ ಸಮದರ್ಶಿ. ವಿಭಾಗದ ಮುಖ್ಯಸ್ಥರಾದ ಪ್ರೊಫೆಸರ್ ಮೊಣಕೈ ಒಮ್ಮೆ ದೀಪದ ಹಿಡಿಗೆ ಸವರಿತು. ಯಾರೂ ನೋಡಲಿಲ್ಲ ಎಂದು ಅವರೂ ಅಂದುಕೊಂಡಿರಬೇಕು. "ಸರ್, ಗೌನ್ ಚೇಂಜ್" ಎಂದರು ಸಿಸ್ಟರ್, ತಲೆ ಕೂಡ ಎತ್ತದೆ. ಇಡೀ ಕಾಲೇಜು ಹೆದರುವ ಪ್ರೊಫೆಸರ್ ಮರುಮಾತಿಲ್ಲದೆ ಗೌನು ಬಿಚ್ಚಿ, ಹೊಸದನ್ನು ತೊಡಲು ತೋಳು ಚಾಚಿ ನಿಂತರು.

ಥಿಯೇಟರಿನ ಬಟ್ಟೆಬರೆಗೂ ಕತೆಗಳಿವೆ. ಹಿಂದೆ ಅಲ್ಲಿ ಎಲ್ಲವೂ ಬಿಳಿಯೇ. ಪ್ರಖರ ದೀಪದ ಕೆಳಗೆ ರಕ್ತವನ್ನೇ ನೋಡಿ ನೋಡಿ, ತಲೆಯೆತ್ತಿದರೆ ಬಿಳಿ ಬಟ್ಟೆ ಕಣ್ಣು ಕುಕ್ಕುತ್ತಿತ್ತು. 1914ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹ್ಯಾರಿ ಶೆರ್ಮನ್ ಎಂಬ ಸರ್ಜನ್ ಕೆಂಪಿಗೆ ಎದುರು ಬಣ್ಣವಾದ ಹಸಿರನ್ನು ಥಿಯೇಟರಿಗೆ ತಂದ. ಕೈಗವಸಿನದು ಇನ್ನೂ ಸ್ವಾರಸ್ಯ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ರಿಮಿನಾಶಕದಲ್ಲಿ ಕೈ ಅದ್ದಿ ಅದ್ದಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸಿನ ಚರ್ಮ ಕಿತ್ತುಬಂದಿತ್ತು. ಅಲ್ಲಿನ ಸರ್ಜನ್ ವಿಲಿಯಂ ಹಾಲ್ಸ್ಟೆಡ್ ಗುಡ್‌ಇಯರ್ ಕಂಪನಿಗೆ ಹೇಳಿ ಆಕೆಗೆಂದು ತೆಳುವಾದ ರಬ್ಬರ್ ಕೈಗವಸು ಮಾಡಿಸಿದ. 1890ರಲ್ಲಿ ಇಬ್ಬರಿಗೂ ಮದುವೆಯೂ ಆಯಿತು. ರೋಗಿಗೆ ನಂಜು ತಗಲದಿರಲಿ ಎಂಬ ಯೋಚನೆ ಕೈಗವಸಿಗೆ ಸೇರಿಕೊಂಡದ್ದು ಆಮೇಲೆ. ಈ ಕತೆಯನ್ನು ಮೆಚ್ಚಿ ಸಿಸ್ಟರ್‌ಗೆ ಹೇಳಿದೆ. "ನಮ್ಮಲ್ಲಿ ಆರೂವರೆ ಸೈಜ್ ಗ್ಲೌಸಿಗೆ ಮೂರು ಸಲ ಇಂಡೆಂಟ್ ಹಾಕಿದ್ರೂ ಬರುದಿಲ್ಲ" ಎಂದರು.

ಮಕ್ಕಳ ಸರ್ಜರಿಯ ದಿನ ಶುರುವಾಗುವುದು ಚಾಕುವಿನಿಂದಲ್ಲ, ಹಸಿವಿನಿಂದ. ಮತ್ತು ಕೊಡುವ ಹೊತ್ತಿಗೆ ಹೊಟ್ಟೆಯಲ್ಲಿ ಏನಾದರೂ ಇದ್ದರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಭಯ. ಅದಕ್ಕೇ ಗಟ್ಟಿ ಆಹಾರ ನಿಲ್ಲಿಸಿ 6 ಗಂಟೆ, ತಾಯಿಹಾಲಿಗೆ 4, ನೀರಿಗೆ 2 ಎಂಬ ಲೆಕ್ಕ. ಹಿಂದೆಲ್ಲ ನಡುರಾತ್ರಿಯಿಂದ ಹನಿ ನೀರೂ ಇಲ್ಲ ಎನ್ನುತ್ತಿದ್ದರು. ಮಕ್ಕಳನ್ನು ಅಷ್ಟು ಒಣಗಿಸುವುದು ಒಳ್ಳೆಯದಲ್ಲ ಎಂದು ಗೊತ್ತಾಗಿ ಈಗ ಸಡಿಲಿಸಿದ್ದಾರೆ. ಲಿಸ್ಟಿನಲ್ಲಿ ಚಿಕ್ಕ ಕೂಸುಗಳ ಹೆಸರನ್ನು ಮೊದಲು ಬರೆಯುವುದಕ್ಕೂ ಇದೇ ಕಾರಣ. ದೊಡ್ಡವರು ಹಸಿವನ್ನು ಮಾತಿನಲ್ಲಿ ಮರೆಯುತ್ತಾರೆ, ಎಂಟು ತಿಂಗಳ ಕೂಸಿಗೆ ಯಾವ ಮಾತು?

ಕಾಗದದ ಮೇಲೆ ಇದು ಸರಳ. ವಾರ್ಡಿನಲ್ಲಿ ಅಜ್ಜಿಯರಿದ್ದಾರೆ. ಹಸಿದ ಮೊಮ್ಮಗನನ್ನು ಸುಮ್ಮನೆ ನೋಡುತ್ತ ಕೂರುವ ಅಜ್ಜಿಯನ್ನು ಯಾವ ವೈದ್ಯಕೀಯ ಕಾಲೇಜೂ ಇನ್ನೂ ತಯಾರು ಮಾಡಿಲ್ಲ. ತಾಯಂದಿರು ಡಾಕ್ಟರರ ಮಾತಿಗೆ ಹೆದರುತ್ತಾರೆ. ಅಜ್ಜಿಯರು ಕಂಡಿರುವ ಡಾಕ್ಟರರ ಸಂಖ್ಯೆಯೇ ಬೇರೆ. ಬೆಳಗಿನ ಆರು ಗಂಟೆಗೆ ಆಯಮ್ಮ ಮಂಚದಿಂದ ಮಂಚಕ್ಕೆ ಹೋಗಿ "ಎಲ್ಲಿ ಕಂದ, ಆ ಅನ್ನು" ಎಂದು ಲಿಸ್ಟಿನಲ್ಲಿರುವ ಪ್ರತಿ ಮಗುವಿನ ಬಾಯಿ ನೋಡುತ್ತಿದ್ದಳು. ನೋಡುವುದೇನು, ಮೂಸುತ್ತಿದ್ದಳು. ಒಂದು ದಿನ ಹರ್ನಿಯಾ ಆಪರೇಷನ್ನಿಗೆ ಬಂದ ಹುಡುಗನೊಬ್ಬನ ಮುಂದೆ ಅರೆಗಳಿಗೆ ನಿಂತಳು. ಆಮೇಲೆ ಹುಡುಗನನ್ನು ಬಿಟ್ಟು ಅಜ್ಜಿಯ ಕಡೆ ತಿರುಗಿದಳು.

"ಏನ್ ಕೊಟ್ರಿ?"

"ಏನೂ ಇಲ್ಲ ಕಣವ್ವ."

"ಚಟ್ನಿ ವಾಸ್ನೆ ಬತ್ತೈತೆ."

"ಒಂದೇ ಒಂದು ಇಡ್ಲಿ ಕಣವ್ವ. ಅದೂ ಮೆತ್ತಗಿರೋದು."

ಮೆತ್ತಗಿರುವ ಇಡ್ಲಿಗೂ ಆರು ಗಂಟೆಯೇ. ಹುಡುಗನ ಹೆಸರು ಲಿಸ್ಟಿನ ಕೊನೆಗೆ ಹೋಯಿತು. ಲಿಸ್ಟ್ ಮಧ್ಯಾಹ್ನದೊಳಗೆ ಮುಗಿದುಬಿಟ್ಟಿದ್ದರಿಂದ ಮರುದಿನಕ್ಕೆ ಹೋಯಿತು. ಅಜ್ಜಿಯ ಮೇಲೆ ಮಗನೂ ಸೊಸೆಯೂ ಒಟ್ಟಿಗೆ ರೇಗಿದರು. ಅವರಿಬ್ಬರೂ ಒಂದು ವಿಷಯದಲ್ಲಿ ಒಂದಾದದ್ದು ಅದೇ ಮೊದಲು ಎಂದು ಅಜ್ಜಿ ಪಕ್ಕದ ಮಂಚದವರಿಗೆ ಹೇಳುತ್ತಿದ್ದಳು.

ದೊಡ್ಡವರ ವಾರ್ಡಿನಲ್ಲಿ ಒಂದು ಮಂಚಕ್ಕೆ ಒಬ್ಬ ರೋಗಿ. ಇಲ್ಲಿ ಒಂದು ಮಂಚಕ್ಕೆ ಒಂದು ಮನೆ. ಮಗುವಿನ ತೂಕ ಒಂಬತ್ತು ಕಿಲೋ, ಜೊತೆಗೆ ಬಂದವರದು ಕ್ವಿಂಟಾಲ್‌ಗಟ್ಟಲೆ. ಕಾಯಿಲೆಯ ಇತಿಹಾಸ ಹೇಳುವವರೂ ಅವರೇ. "ಈ ಊತ ಯಾವಾಗಿನಿಂದ ಇದೆ?" ಎಂದು ಕೇಳಿದರೆ, "ನಮ್ಮ ಭಾವನ ಮಗಳ ಮದುವೆ ಆಯ್ತಲ್ಲ, ಅದಕ್ಕೂ ಮುಂಚೆಯಿಂದ" ಎನ್ನುತ್ತಾರೆ ತಾಯಿ. ಮದುವೆ ಅಲ್ಲ, ನಿಶ್ಚಿತಾರ್ಥ ಎಂದು ತಿದ್ದುತ್ತಾರೆ ಅಪ್ಪ. ನಿಶ್ಚಿತಾರ್ಥದಲ್ಲಿ ಯಾರು ಯಾರನ್ನು ಊಟಕ್ಕೆ ಕರೆಯಲಿಲ್ಲ ಎಂಬಲ್ಲಿಗೆ ಮಾತು ಹೊರಳುತ್ತದೆ. ಪಿಜಿ ಪೆನ್ನು ಹಿಡಿದು ಕಾಯುತ್ತಾನೆ. ಕೇಸ್ ಶೀಟಿನಲ್ಲಿ ಕೊನೆಗೆ ಬೀಳುವುದು ಮೂರೇ ಪದ: "ಊತ, ಆರು ತಿಂಗಳಿಂದ".

ಸೀಳುತುಟಿಯ ಕೂಸನ್ನು ಎತ್ತಿಕೊಂಡು ಬಂದ ಬಾಣಂತಿಯೊಬ್ಬಳು ರೌಂಡ್ಸಿನ ಉದ್ದಕ್ಕೂ ತಲೆಯೆತ್ತಿರಲಿಲ್ಲ. ಮಾತೆಲ್ಲ ಅತ್ತೆಯದೇ. "ಗ್ರಹಣದ ದಿನ ಆಚೆ ಬರಬೇಡ, ಏನನ್ನೂ ಹೆಚ್ಚಬೇಡ ಅಂದಿದ್ದೆ ಸಾಮಿ. ಸೌತೆಕಾಯಿ ಹೆಚ್ಚಿದಳು." ಇಂಥ ಕಡೆ ನಾನಾಗಿದ್ದರೆ ಮೂಢನಂಬಿಕೆಯ ಮೇಲೆ ಭಾಷಣ ಶುರುಮಾಡುತ್ತಿದ್ದೆ. ಪ್ರೊಫೆಸರ್ ಮಂಚದ ಅಂಚಿಗೆ ಕೂತು, ಗ್ರಹಣ ಯಾವಾಗ, ಆಗ ಎಷ್ಟು ತಿಂಗಳು ಎಂದೆಲ್ಲ ಶ್ರದ್ಧೆಯಿಂದ ಕೇಳಿದರು. ಐದು ತಿಂಗಳು ಎಂದಳು ಅತ್ತೆ. "ತುಟಿ ಕೂಡಿಕೊಳ್ಳೋದು ನಾಲ್ಕನೇ ವಾರದಿಂದ ಏಳನೇ ವಾರದ ಒಳಗೆ ಕಣಮ್ಮ. ಆಗ ಬಸುರಿ ಅನ್ನೋದು ಎಷ್ಟೋ ಹೆಣ್ಣುಮಕ್ಕಳಿಗೇ ತಿಳಿದಿರಲ್ಲ. ಅವರಿಗೇ ಗೊತ್ತಿಲ್ಲದ್ದು ಗ್ರಹಣಕ್ಕೆ ಹೆಂಗೆ ಗೊತ್ತಾಗುತ್ತೆ?" ಎಂದರು ಪ್ರೊಫೆಸರ್. ಅತ್ತೆ ಲೆಕ್ಕ ಹಾಕಿದಳು. ಐದು ತಿಂಗಳಿಗೂ ಏಳು ವಾರಕ್ಕೂ ತಾಳೆಯಾಗಲಿಲ್ಲ. "ಹಂಗಾರೆ ಸೌತೆಕಾಯಿದು ತಪ್ಪಿಲ್ಲ" ಎಂದು ಒಪ್ಪಿಕೊಂಡಳು. ಸೊಸೆಯದು ತಪ್ಪಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಅತ್ತೆಯಾದವಳಿಗೆ ಕಷ್ಟ, ಅದನ್ನು ಸೌತೆಕಾಯಿಯ ಮೂಲಕ ಹೇಳಿದಳು. ಸೊಸೆ ಆಗ ತಲೆಯೆತ್ತಿದಳು.

ಆ ಕೂಸಿನ ಆಪರೇಷನ್ ಅವತ್ತು ಆಗಲಿಲ್ಲ. ತುಟಿ ಹೊಲಿಯಲು ಹತ್ತರ ಲೆಕ್ಕವೊಂದಿದೆ: ವಯಸ್ಸು ಹತ್ತು ವಾರ, ತೂಕ ಹತ್ತು ಪೌಂಡು ಅಂದರೆ ನಾಲ್ಕೂವರೆ ಕಿಲೋ, ಹಿಮೋಗ್ಲೋಬಿನ್ ಹತ್ತು. ಅಲ್ಲಿಯವರೆಗೆ ಕೂಸನ್ನು ನೆಟ್ಟಗೆ ಹಿಡಿದು ಹೇಗೆ ಹಾಲು ಕುಡಿಸಬೇಕು ಎಂದು ಸಿಸ್ಟರ್ ತೋರಿಸಿಕೊಟ್ಟರು. ಅತ್ತೆಯೂ ಬಗ್ಗಿ ಬಗ್ಗಿ ನೋಡಿ ಕಲಿತಳು. ಹತ್ತು ಪೌಂಡು ತುಂಬಿಸುವ ಜವಾಬ್ದಾರಿಯನ್ನು ಪ್ರೊಫೆಸರ್ ಎಲ್ಲರೆದುರು ಅವಳಿಗೇ ವಹಿಸಿದ್ದರು.

ಮಕ್ಕಳ ಸರ್ಜರಿಗೆ ಬರುವ ಇನ್ನೊಂದು ಪಂಗಡ ನುಂಗುವವರದು. ನಾಣ್ಯ, ಪಿನ್ನು, ಗುಂಡಿ, ಕೀಲಿಕೈ. ನಾಣ್ಯ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎದುರಿನಿಂದ ತೆಗೆದ ಎಕ್ಸ್‌ರೇಯಲ್ಲಿ ದುಂಡಗೆ ಕಾಣುತ್ತದೆ. ಶ್ವಾಸನಾಳದಲ್ಲಿದ್ದರೆ ಸಾಮಾನ್ಯವಾಗಿ ಅಂಚು ಮಾತ್ರ ಗೆರೆಯಾಗಿ ಕಾಣುತ್ತದೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಪಿಜಿ ನಮಗೆ ಇದನ್ನೆಲ್ಲ ವಿವರಿಸುತ್ತಿದ್ದರೆ ಪಕ್ಕದಲ್ಲಿದ್ದ ಅಪ್ಪನ ಕುತೂಹಲ ಬೇರೆ. "ಒಂದ್ರೂಪಾಯೋ ಎರಡ್ರೂಪಾಯೋ ಸಾರ್?" ಅಮೆರಿಕದ ಷೆವಲಿಯರ್ ಜಾಕ್ಸನ್ ಎಂಬ ವೈದ್ಯ ರೋಗಿಗಳ ಗಂಟಲು, ಶ್ವಾಸನಾಳಗಳಿಂದ ಹೊರತೆಗೆದ ವಸ್ತುಗಳನ್ನೆಲ್ಲ ಜೋಪಾನವಾಗಿ ಎತ್ತಿಟ್ಟ. ಅಂಥ 2,374 ವಸ್ತುಗಳು ಫಿಲಡೆಲ್ಫಿಯಾದ ಮ್ಯೂಟರ್ ವಸ್ತುಸಂಗ್ರಹಾಲಯದ ಡ್ರಾಯರುಗಳಲ್ಲಿವೆ. ನಮ್ಮಲ್ಲಿ ಸಂಗ್ರಹಕ್ಕೆ ಏನೂ ಉಳಿಯುವುದಿಲ್ಲ. ನಾಣ್ಯ ಹೊರಬಂದ ದಿನವೇ ಮನೆಯವರು ಅದನ್ನು ಕೇಳಿ ಪಡೆದು, ಅರಿಸಿನದ ಬಟ್ಟೆಯಲ್ಲಿ ಕಟ್ಟಿ ದೇವರಿಗೆ ಮೀಸಲಿಡುತ್ತಾರೆ.

ನಗುವ ವಿಷಯ ನಾಣ್ಯದವರೆಗೆ ಮಾತ್ರ. ಆಟಿಕೆಯ ಗುಂಡಿ ಬ್ಯಾಟರಿ ಅನ್ನನಾಳದಲ್ಲಿ ಕೂತರೆ ಎರಡು ಗಂಟೆಯೊಳಗೆ ಗೋಡೆಯನ್ನು ಸುಡಲು ಶುರುಮಾಡುತ್ತದೆ. ಅಂಥ ಕೇಸು ಬಂದ ದಿನ ಲಿಸ್ಟಿನವರೆಲ್ಲ ಪಕ್ಕಕ್ಕೆ ಸರಿಯಬೇಕು. ಕಡಲೆಕಾಯಿ ಬೀಜ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಶ್ವಾಸನಾಳಕ್ಕೆ ಇಳಿದು ಕೂತು ಊದಿಕೊಳ್ಳುತ್ತದೆ, ಮಗು ವಾರಗಟ್ಟಲೆ ಕೆಮ್ಮುತ್ತದೆ, ಮನೆಯವರು ಶೀತಕ್ಕೆ ಔಷಧಿ ಕುಡಿಸುತ್ತಿರುತ್ತಾರೆ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಈಗಲೂ ಹೋಗುತ್ತೇನೆ. ಹೆಗಲ ಮೇಲೆ ಕೂತ ಎರಡು ವರ್ಷದ ಮಗುವಿನ ಕೈಗೆ ಯಾರಾದರೂ ಬೀಜ ಸುಲಿದು ಕೊಡುವುದು ಕಂಡರೆ, ಪರಿಚಯ ಇಲ್ಲದಿದ್ದರೂ ಹೋಗಿ ತಡೆಯುತ್ತೇನೆ. "ಯಾವಳಮ್ಮ ಇವಳು" ಎಂಬ ನೋಟವನ್ನು ಸಹಿಸಿಕೊಳ್ಳುತ್ತೇನೆ.

ಥಿಯೇಟರಿನ ಬಾಗಿಲಲ್ಲಿ ನೆಲಕ್ಕೊಂದು ಕೆಂಪು ಗೆರೆ ಎಳೆದಿರುತ್ತದೆ. ಕೆಲವು ಆಸ್ಪತ್ರೆಗಳಲ್ಲಿ ಮಗುವಿಗೆ ನಿದ್ದೆ ಬರುವವರೆಗೆ ತಾಯಿಯನ್ನೂ ಒಳಗೆ ಬಿಡುತ್ತಾರೆ. ನಮ್ಮಲ್ಲಿ ಗೆರೆಯ ತನಕ. ಇಡೀ ಆಸ್ಪತ್ರೆಯಲ್ಲಿ ಕಷ್ಟದ ಜಾಗ ಅದೇ, ಅದನ್ನು ದಾಟಿಸುವ ಕೆಲಸ ವಾರ್ಡ್ ಬಾಯ್‌ದು. ಆತ ಐವತ್ತು ದಾಟಿದವನು, ಬಾಯ್ ಎನ್ನುವುದು ಹುದ್ದೆಯ ಹೆಸರು. ರಾಯಚೂರಿನ ಕಡೆಯ ಐದು ವರ್ಷದ ಹುಡುಗನೊಬ್ಬ ಅವ್ವನ ಸೆರಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು "ನಾ ಒಲ್ಲೆ, ನಾ ಒಲ್ಲೆ" ಎನ್ನುತ್ತಿದ್ದ. ಮುಂದೆ ಏನಾಗಬೇಕೆಂದಿದ್ದೀಯಾ ಎಂದು ಕೇಳಿದರೆ ಕಂಡಕ್ಟರ್ ಎನ್ನುವ ಹುಡುಗ ಅವನು ಎಂಬುದನ್ನು ವಾರ್ಡ್ ಬಾಯ್ ಹಿಂದಿನ ಸಂಜೆಯೇ ಪತ್ತೆಮಾಡಿಟ್ಟಿದ್ದ. ಟ್ರಾಲಿಯ ಕಂಬಿಯನ್ನು ಟಣಟಣ ಬಡಿದು, "ಮೆಜೆಸ್ಟಿಕ್, ಮೆಜೆಸ್ಟಿಕ್, ಮೆಜೆಸ್ಟಿಕ್! ಕಂಡಕ್ಟರ್ ಇಲ್ದೆ ಬಸ್ ನಿಂತೈತೆ, ಯಾರಾದ್ರೂ ಇದೀರಾ?" ಎಂದು ಕೂಗಿದ. ಹುಡುಗ ಸೆರಗು ಬಿಡಲಿಲ್ಲ, ಆದರೆ ಅಳು ನಿಂತಿತು. "ಡ್ರೈವರ್ ಎಲ್ಲದಾನ?" ಎಂದ. "ನಾನೇ." "ಟಿಕೆಟ್?" ವಾರ್ಡ್ ಬಾಯ್ ಜೇಬಿನಿಂದ ಹಳೆಯ ಓ.ಟಿ. ಲಿಸ್ಟ್ ಹರಿದು ಚೂರುಗಳನ್ನು ಕೈಗಿಟ್ಟ. ಹುಡುಗ ಅವ್ವನಿಗೊಂದು, ನನಗೊಂದು ಟಿಕೆಟ್ ಕೊಟ್ಟು ಟ್ರಾಲಿ ಹತ್ತಿದ. "ರೈಟ್, ರೈಟ್" ಎಂದು ತಾನೇ ಹೇಳಿ ಗೆರೆ ದಾಟಿದ.

ಒಳಗೆ ಮತ್ತು ಕೊಡುವ ಮೇಡಂ ಮಾಸ್ಕ್ ಹಿಡಿದು, "ಬಾ ಪುಟ್ಟ, ಬಲೂನ್ ಊದೋಣ" ಎಂದರು. ಕಂಡಕ್ಟರುಗಳು ಬಲೂನು ಊದುವುದಿಲ್ಲ. ವಾರ್ಡ್ ಬಾಯ್ ಮೆಲ್ಲಗೆ "ಸೀಟಿ, ಮೇಡಂ" ಎಂದ. ಇಪ್ಪತ್ತು ವರ್ಷಗಳಿಂದ ಬಲೂನು ಊದಿಸುತ್ತಿದ್ದ ಮೇಡಂ ತಕ್ಷಣ ದಾರಿ ಬದಲಿಸಿ, "ಸೀಟಿ ಊದಪ್ಪ, ಬಸ್ ಬಿಡೋಣ" ಎಂದರು. ಹುಡುಗ ಕೆನ್ನೆಯುಬ್ಬಿಸಿ ಊದಿದ, ಎಳೆದ, ಊದಿದ. ಸೀವೋಫ್ಲುರೇನಿನ ಸಿಹಿವಾಸನೆಗೆ ಕಣ್ಣು ಎಳೆದುಕೊಂಡು ಹೋದವು.

ಆ ಮೇಡಂ ಹಿಂದೆ ನಿಂತ ದಿನಗಳಲ್ಲಿ ಗೊತ್ತಾದದ್ದು, ಮಗು ಅಂದರೆ ಚಿಕ್ಕ ಅಳತೆಯ ದೊಡ್ಡವರಲ್ಲ. ಎಲ್ಲವೂ ಕಿಲೋ ಲೆಕ್ಕ. ಮೂರು ಕಿಲೋ ಕೂಸಿನ ಮೈಯಲ್ಲಿ ಇರುವ ಒಟ್ಟು ರಕ್ತವೇ ಕಾಲು ಲೀಟರಿನಷ್ಟು. ಅದಕ್ಕೇ ಒರೆಸಿದ ಗಾಜ್ ಬಟ್ಟೆಯನ್ನೂ ತೂಗಿ ನೋಡುತ್ತಾರೆ. ಉಸಿರಿನ ನಳಿಕೆಯ ಅಳತೆಗೆ ವಯಸ್ಸನ್ನು ನಾಲ್ಕರಿಂದ ಭಾಗಿಸಿ ನಾಲ್ಕು ಕೂಡಿಸುತ್ತಾರೆ. ಕೂಸುಗಳ ಮೈ ಬೇಗ ತಣ್ಣಗಾಗುವುದರಿಂದ ಎ.ಸಿ. ಬಂದ್. ಸರ್ಜನ್ ಹಣೆಯ ಬೆವರನ್ನು ಬ್ರದರ್ ಒಬ್ಬರು ಹಿಂದಿನಿಂದ ಒರೆಸುತ್ತಿರಬೇಕು. ಮೇಡಂ ಕೈಯಲ್ಲಿ ಸದಾ ಒಂದು ಪುಟ್ಟ ರಬ್ಬರ್ ಚೀಲ. ನ್ಯೂಕ್ಯಾಸಲ್ಲಿನ ಫಿಲಿಪ್ ಏರ್ 1937ರಲ್ಲಿ ಕವಾಟಗಳ ರಗಳೆಯೇ ಇಲ್ಲದ ಟಿ ಆಕಾರದ ನಳಿಗೆಯನ್ನು ಬಳಕೆಗೆ ತಂದ. 1950ರಲ್ಲಿ ಲಿವರ್‌ಪೂಲಿನ ಜಾಕ್ಸನ್ ರೀಸ್ ಅದರ ಬಾಲಕ್ಕೆ ತುದಿ ತೆರೆದ ಚೀಲವೊಂದನ್ನು ಸೇರಿಸಿದ. ಹೀಗೆ ಇಬ್ಬರ ಕೈಯಲ್ಲಿ ರೂಪುಗೊಂಡ ಆ ಸಲಕರಣೆ ಇಂದಿಗೂ ಮಕ್ಕಳ ಥಿಯೇಟರುಗಳಲ್ಲಿ ಇದೆ. ಸುತ್ತ ಬೀಪ್ ಎನ್ನುವ ಯಂತ್ರಗಳು ಎಷ್ಟೇ ಇರಲಿ, ಮೇಡಂ ನಂಬುತ್ತಿದ್ದದ್ದು ಅಂಗೈಯಲ್ಲಿ ಉಬ್ಬಿ ಇಳಿಯುವ ಆ ಚೀಲವನ್ನು. "ಮಾನಿಟರ್ ಹೇಳೋದಕ್ಕಿಂತ ಮುಂಚೆ ಕೈಗೆ ಗೊತ್ತಾಗುತ್ತೆ" ಎನ್ನುತ್ತಿದ್ದರು.

ಚಾಕು ಎತ್ತುವ ಮುನ್ನ ಒಂದು ಶಾಸ್ತ್ರವಿದೆ. ಬಾಸ್ಟನ್ನಿನ ಸರ್ಜನ್ ಅತುಲ್ ಗವಾಂದೆಯವರ ಮುಂದಾಳತ್ವದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಪಟ್ಟಿಯನ್ನು ಗಟ್ಟಿಯಾಗಿ ಓದಬೇಕು. ರೋಗಿ ಇವನೇ ಹೌದೇ, ಆಪರೇಷನ್ ಯಾವುದು, ಎಡವೋ ಬಲವೋ. ಅಲ್ಲಿರುವವರೆಲ್ಲ ತಮ್ಮ ಹೆಸರು, ಕೆಲಸ ಹೇಳಬೇಕೆಂಬುದೂ ಅದರಲ್ಲಿದೆ. ಸರದಿ ನನ್ನವರೆಗೆ ಬಂದಾಗ ಹೆಸರು ಹೇಳಿದೆ. ಕೆಲಸ? "ಸ್ಟೂಡೆಂಟ್" ಎಂದು ಸಿಸ್ಟರ್ ನನ್ನ ಪರವಾಗಿ ಮುಗಿಸಿದರು. ನಮ್ಮ ಕಂಡಕ್ಟರನಿಗೆ ಬಲಗಡೆಯ ಹರ್ನಿಯಾ. ಬೆಳಿಗ್ಗೆ ಪಿಜಿ ಬಲದೊಡೆಯ ಮೇಲೆ ಪೆನ್ನಿನಿಂದ ಬಾಣದ ಗುರುತು ಹಾಕಿದ್ದರು. ಹಸಿರು ಬಟ್ಟೆ ಸರಿಸಿ ನೋಡಿದರೆ ಎಡದೊಡೆಯ ಮೇಲೂ ಒಂದು ಬಾಣ, ಸ್ವಲ್ಪ ಸೊಟ್ಟಗೆ, ಪಕ್ಕದಲ್ಲೊಂದು ಬಸ್ಸು. ಪೆನ್ನು ಯಾರದೋ, ಕಲಾವಿದ ಯಾರೆಂಬುದರಲ್ಲಿ ಅನುಮಾನವಿರಲಿಲ್ಲ. ಯಾರೂ ನಗಲಿಲ್ಲ. ಕೇಸ್ ಶೀಟ್ ತೆರೆದರು, ಸ್ಕ್ಯಾನ್ ನೋಡಿದರು, ಹೊರಗೆ ಹೋಗಿ ಅವ್ವನನ್ನು ಕೇಳಿ ಬಂದರು. ಮೂರೂ ಬಲ ಎಂದ ಮೇಲೆ ಸಿಸ್ಟರ್ ಸ್ಪಿರಿಟ್ಟಿನಿಂದ ಎಡಗಡೆಯ ಬಾಣವನ್ನು ಒರೆಸಿದರು. ಬಸ್ಸನ್ನು ಉಳಿಸಿದರು.

ಇನ್ನು ಆಪರೇಷನ್. ಅದರ ಬಗ್ಗೆ ಹೇಳಲು ನನ್ನ ಬಳಿ ಹೆಚ್ಚೇನಿಲ್ಲ. ನಾನು ಕಂಡದ್ದು ಬಹುಪಾಲು ಬೆನ್ನುಗಳನ್ನು. ಸಂದಿಯಲ್ಲಿ ಇಣುಕಿದಾಗ ಸಿಕ್ಕ ನೋಟ ಎರಡು ಸೆಂಟಿಮೀಟರಿನ ಗಾಯ, ಹಿಡಿತ ತಪ್ಪಿದರೆ ಹರಿಯುವಷ್ಟು ತೆಳುವಾದ ಪೊರೆ, ಅದನ್ನು ಹಿಡಿದ ಪ್ರೊಫೆಸರರ ದಪ್ಪ ಬೆರಳುಗಳು. ಅರ್ಧ ಗಂಟೆಯಲ್ಲಿ ಮುಗಿಯಿತು. ಮಕ್ಕಳ ಸರ್ಜರಿಯ ದೊಡ್ಡ ಹೆಜ್ಜೆಗಳೆಲ್ಲ ಇಷ್ಟಿಷ್ಟೇ ಅಗಲದ ಜಾಗದಲ್ಲಿ ಇಟ್ಟವು. ಹುಟ್ಟಿದ ಕೆಲವೇ ವಾರಕ್ಕೆ ಜಠರದ ಬಾಗಿಲಿನ ಮಾಂಸ ದಪ್ಪಗಾಗಿ, ಕುಡಿದ ಹಾಲೆಲ್ಲ ಚಿಮ್ಮಿ ಬಂದು ಕೂಸುಗಳು ಸೊರಗಿ ಸಾಯುತ್ತಿದ್ದವು. ಜರ್ಮನಿಯ ಕಾನ್ರಾಡ್ ರಾಮ್‌ಸ್ಟೆಟ್ ಆ ಮಾಂಸವನ್ನು ಸೀಳಿ, ಮತ್ತೆ ಹೊಲಿಯಲು ಹೋದರೆ ಹೊಲಿಗೆ ನಿಲ್ಲಲಿಲ್ಲ. ಮುಂದಿನ ಕೂಸಿನಲ್ಲಿ ಹೊಲಿಯುವ ಗೋಜಿಗೇ ಹೋಗಲಿಲ್ಲ. 1912ರಲ್ಲಿ ಆತ ಪ್ರಕಟಿಸಿದ ಆ ವಿಧಾನವನ್ನೇ ಇಂದಿಗೂ ಮಾಡುತ್ತಾರೆ. ಡೆನ್ಮಾರ್ಕಿನ ಹಿರ್ಷ್‌ಸ್ಪ್ರುಂಗ್ ಮಲ ಮುಂದೆ ಸಾಗದೆ ಕರುಳು ಉಬ್ಬುವ ಕಾಯಿಲೆಯನ್ನು ವಿವರಿಸಿದ್ದು 1886ರಲ್ಲಿ. ಉಬ್ಬಿದ ಭಾಗ ನಿರಪರಾಧಿ, ತಪ್ಪಿರುವುದು ನರಕೋಶಗಳಿಲ್ಲದ ಕೆಳಗಿನ ಕಿರಿದಾದ ಭಾಗದಲ್ಲಿ ಎಂದು ತಿಳಿದು, ಅದನ್ನು ತೆಗೆದುಹಾಕುವ ಆಪರೇಷನ್ನನ್ನು ಓರ್ವರ್ ಸ್ವೆನ್ಸನ್ ಮುಂದಿಟ್ಟದ್ದು 1948ರಲ್ಲಿ.

ಕರುಳಿನ ಆಪರೇಷನ್ ಆದ ಮೇಲೆ ವಾರ್ಡಿನಲ್ಲಿ ಎಲ್ಲರೂ ಕಾಯುವುದು ಒಂದು ಸದ್ದಿಗೆ. ಅದು ಬಂದರೆ ಕರುಳು ಎಚ್ಚೆತ್ತಿತು ಎಂದು ಅರ್ಥ, ಬಾಯಿಗೆ ನೀರು ಕೊಡಬಹುದು. ಪಾವಗಡದ ಕಡೆಯ ತಾತನೊಬ್ಬನನ್ನು ಪಿಜಿ ರೌಂಡ್ಸಿನಲ್ಲಿ ಗಂಭೀರವಾಗಿ ಕೇಳಿದರು, "ಗ್ಯಾಸ್ ಬಂತಾ?"

"ಇಲ್ಲ ಸಾಮಿ. ನಮ್ದು ಇನ್ನೂ ಸೌದೆ ಒಲೇನೇ."

ಪ್ರೊಫೆಸರ್ ಮುಂದೆ ಬಂದು ತಾತನ ಕಿವಿಯಲ್ಲಿ ಅಚ್ಚಕನ್ನಡದಲ್ಲಿ ಕೇಳಿದರು. ತಾತನ ಮುಖ ಅರಳಿತು. "ಓ, ಅದಾ! ಬೆಳಗಿನ ಜಾವ ಎರಡು ಸಲ!" ಎಂದು ವಾರ್ಡಿಗೆಲ್ಲ ಕೇಳುವಂತೆ ಸಾರಿದ. ಪಕ್ಕದ ಮಂಚಗಳವರು ತಾಯಿಯನ್ನು ನೋಡಿ ಖುಷಿಯಿಂದ ತಲೆಯಾಡಿಸಿದರು. ದೊಡ್ಡವರ ಸಭೆಯಲ್ಲಿ ನಾಚಿಕೆಗೆ ಗುರಿಯಾಗುವ ಸದ್ದು ಅಭಿನಂದನೆ ಪಡೆಯುವ ಜಾಗ ಲೋಕದಲ್ಲಿ ಇದೊಂದೇ ಇರಬೇಕು.

ನಮ್ಮ ಕಂಡಕ್ಟರ್ ಕಣ್ಣುಬಿಟ್ಟವನೇ ಕೇಳಿದ್ದು, "ರಾಯಚೂರು ಬಂತೇನ?" ಸಂಜೆಯ ಹೊತ್ತಿಗೆ ವಾರ್ಡಿನ ಉದ್ದಕ್ಕೂ ಓಡುತ್ತಿದ್ದ. ಆಪರೇಷನ್ ಆದವರು ನರಳುತ್ತ ಮಲಗಿರಬೇಕೆಂದು ಮಕ್ಕಳಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಸ್ಕಾಟ್ಲೆಂಡಿನ ಜೇಮ್ಸ್ ನಿಕಲ್ ಇದನ್ನು ಬಹಳ ಹಿಂದೆಯೇ ಗಮನಿಸಿದ್ದ. ಗ್ಲಾಸ್ಗೋದಲ್ಲಿ ಹತ್ತು ವರ್ಷಗಳಲ್ಲಿ ಮಕ್ಕಳಿಗೆ ಆಪರೇಷನ್ ಮಾಡಿ ಅದೇ ದಿನ ಮನೆಗೆ ಕಳಿಸಿದ 8,988 ಕೇಸುಗಳ ಲೆಕ್ಕವನ್ನು 1909ರಲ್ಲಿ ಕೊಟ್ಟ. ಎಳೆಗೂಸುಗಳಿಗೆ ತಾಯಿಗಿಂತ ಒಳ್ಳೆಯ ನರ್ಸ್ ಇಲ್ಲ ಎನ್ನುವುದು ಅವನ ವಾದ. ಲೋಕ ಕಿವಿಗೊಡಲಿಲ್ಲ. ಇಂಗ್ಲೆಂಡಿನ ಆಸ್ಪತ್ರೆಗಳು ಆಮೇಲೂ ದಶಕಗಳ ಕಾಲ ತಂದೆತಾಯಿಗಳನ್ನು ಬಾಗಿಲಾಚೆಯೇ ಇಟ್ಟವು. ಬಂದು ಹೋದರೆ ಮಕ್ಕಳು ಅಳುತ್ತಾರೆ, ಆದ್ದರಿಂದ ಬರದಿರುವುದೇ ಒಳ್ಳೆಯದು ಎಂಬ ತರ್ಕ. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್, ಹೊಕ್ಕುಳ ಹರ್ನಿಯಾ ಆಪರೇಷನ್ನಿಗೆ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳ ಸಾಕ್ಷ್ಯಚಿತ್ರ ತೋರಿಸಿದ. ಅವಳು ಅಳದೆ ಸುಮ್ಮನಾದದ್ದು ಸಮಾಧಾನದಿಂದಲ್ಲ, ಕೈಚೆಲ್ಲಿದ್ದರಿಂದ ಎಂಬುದು ನೋಡುವ ಕಣ್ಣಿಗೆ ತಿಳಿಯುತ್ತಿತ್ತು. 1959ರಲ್ಲಿ ಪ್ಲಾಟ್ ಸಮಿತಿ ತನ್ನ ವರದಿಯಲ್ಲಿ ತಂದೆತಾಯಿಗಳನ್ನು ಯಾವ ಹೊತ್ತಿಗೂ ಬಿಡಿ, ಚಿಕ್ಕ ಮಕ್ಕಳ ಜೊತೆ ತಾಯಿಯನ್ನೂ ಉಳಿಸಿಕೊಳ್ಳಿ ಎಂದು ಹೇಳಬೇಕಾಯಿತು.

ನಮ್ಮಲ್ಲಿ ಅಂಥ ಸಮಿತಿಗೆ ಅವಕಾಶವೇ ಇರಲಿಲ್ಲ. ಚಾಪೆ, ಬುತ್ತಿ, ನೀರಿನ ಕ್ಯಾನು, ಕುಲದೇವರ ಭಂಡಾರ ಹಿಡಿದು ಮನೆಗೆ ಮನೆಯೇ ಬಂದು ಮಂಚದ ಕೆಳಗೆ ಇಳಿದಿರುತ್ತದೆ. ಅದರಿಂದಾಗುವ ತೊಂದರೆ ಒಂದೆರಡಲ್ಲ. ದಾರಿ ಕಟ್ಟುತ್ತದೆ, ಗದ್ದಲವಾಗುತ್ತದೆ, ಇಡ್ಲಿಯೂ ಒಳಗೆ ಬರುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಮಗು ಮುಲುಗಿದರೆ ಸಿಸ್ಟರ್‌ಗಿಂತ ಮೊದಲು ಎದ್ದು ಕೂರುವುದೂ ಆ ಮನೆಯೇ. ನಾನು ಹಿಂಬಾಲಿಸಿದವರಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದ್ದವರೆಲ್ಲ ಇದನ್ನು ಒಪ್ಪಿಕೊಂಡಿದ್ದರು. ಅವರು ಮನೆಯವರನ್ನು ಹೊರಗೆ ಅಟ್ಟುತ್ತಿರಲಿಲ್ಲ, ಕೆಲಸಕ್ಕೆ ಹಚ್ಚುತ್ತಿದ್ದರು. ಅತ್ತೆಗೆ ಹತ್ತು ಪೌಂಡಿನ ಲೆಕ್ಕ, ತಾತನಿಗೆ ಸದ್ದಿನ ಲೆಕ್ಕ. ಇಡ್ಲಿ ಕೊಟ್ಟ ಅಜ್ಜಿಗೆ ಮರುದಿನ ಬೆಳಿಗ್ಗೆ ಆಯಮ್ಮ ಕೊಟ್ಟ ಕೆಲಸ ಇಡೀ ಸಾಲಿನ ಮಕ್ಕಳ ಕಾವಲು. ಅಂದು ಆ ಸಾಲಿನ ಒಂದು ಮಗುವಿನ ಬಾಯಿಗೂ ತುಣುಕು ಬಿಸ್ಕತ್ತು ಹೋಗಲಿಲ್ಲ. ಮಕ್ಕಳ ಸರ್ಜನ್ ಆಗಲು ಸೂಕ್ಷ್ಮವಾದ ಬೆರಳು ಬೇಕು ಎಂದು ಪುಸ್ತಕಗಳಲ್ಲಿ ಓದಿದ್ದೆ. ಬೆರಳು ಬೇಕಾಗುವುದು ಅರ್ಧ ಗಂಟೆ. ಉಳಿದ ಹೊತ್ತೆಲ್ಲ ಬೇಕಾಗುವುದು ದೊಡ್ಡ ಕುಟುಂಬದ ಹಿರಿಯರಿಗೆ ಇರಬೇಕಾದ ಉಪಾಯ. ಕೈಯಲ್ಲಿ ಕೆಲಸವಿದ್ದಿದ್ದರೆ ಇದನ್ನೆಲ್ಲ ನೋಡಲು ನನಗೆ ಪುರುಸೊತ್ತೇ ಇರುತ್ತಿರಲಿಲ್ಲ.

ಪೋಸ್ಟಿಂಗ್ ಮುಗಿದ ಮೇಲೆ ಲಾಗ್‌ಬುಕ್ ತುಂಬಿಸಿ ಸಹಿ ಹಾಕಿಸಿಕೊಳ್ಳಬೇಕು. ಅದರಲ್ಲಿ ನೋಡಿದ್ದು, ನೆರವಾದದ್ದು, ಸ್ವತಃ ಮಾಡಿದ್ದು ಎಂದು ಮೂರು ಕಲಂ. ನಾನು ಮೊದಲ ಕಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ ಗುರುತು ಹಾಕಿದೆ. ಕೊನೆಯ ಪುಟದಲ್ಲಿ ಅನುಭವದ ಟಿಪ್ಪಣಿ ಬರೆಯಲು ಮೂರು ಪ್ರಶ್ನೆಗಳಿರುತ್ತವೆ: ಏನು ನಡೆಯಿತು, ಅದರಿಂದೇನು, ಮುಂದೇನು. ಸೀನಿಯರ್‌ಗಳ ಲಾಗ್‌ಬುಕ್ಕಿನಿಂದ ಇಳಿಸಿಕೊಂಡರೆ ಐದು ನಿಮಿಷದ ಕೆಲಸ. ನಾನು ಮೊದಲ ಎರಡಕ್ಕೆ ಇಡ್ಲಿಯ ಪ್ರಕರಣವನ್ನು ಬರೆದೆ. ಮುಂದೇನು ಎಂಬಲ್ಲಿ, "ಮಗುವನ್ನು ಪರೀಕ್ಷಿಸುವ ಮೊದಲು ಅಜ್ಜಿಯನ್ನು ಮಾತಾಡಿಸುವುದು" ಎಂದು ಬರೆದೆ. ಪ್ರೊಫೆಸರ್ ಓದಿದರು, ಮುಖದಲ್ಲಿ ಏನೂ ತೋರಿಸಲಿಲ್ಲ, ಸಹಿ ಹಾಕಿ ಮಡಚಿ ಕೊಟ್ಟರು. ಕಾರಿಡಾರಿಗೆ ಬಂದು ತೆರೆದು ನೋಡಿದೆ. ನನ್ನ ವಾಕ್ಯದ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ತಿದ್ದುಪಡಿ ಇತ್ತು: "ಅಜ್ಜಿಯ ಚೀಲವನ್ನೂ ನೋಡುವುದು."